ಮೊಳೆ ಹೊಡೆದ ಶ್ರದ್ಧಾಂಜಲಿ

ಬೆಳಿಗ್ಗೆ ಹಾಲಿಗೆ ಹೋದವನು ಹಾಲು ಮರೆತು ವಾಪಸ್ ಬಂದಿದ್ದೇನೆ. ಮನೆಯವಳು ಬೈಯುತ್ತಿದ್ದಾಳೆ. ಬೈಯಲಿ. ಮೊದಲು ಇದನ್ನು ಬರೆದು ಮುಗಿಸುತ್ತೇನೆ, ಕಾಫಿ ಆಮೇಲೆ.

ನಮ್ಮ ಬೀದಿ ತಿರುವಿನ ಹೊಂಗೆ ಮರ ನಿಮಗೆ ಗೊತ್ತಲ್ಲ. ಅದರ ಮೇಲೆ ಫ್ಲೆಕ್ಸ್ ಬಂದಿದೆ. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ ನಮ್ಮ ಎಚ್‌ಎಂಟಿ ಅಂಕಲ್‌ಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಹತ್ತಡಿ ಉದ್ದ. ಮೇಲೆ ಸಾಲಾಗಿ ಹದಿನಾಲ್ಕು ಮುಖಂಡರು, ಎಲ್ಲರೂ ಕೈಮುಗಿದು ನಗುತ್ತಿದ್ದಾರೆ. ಸತ್ತವರ ಫ್ಲೆಕ್ಸಲ್ಲಿ ಯಾಕೆ ನಗು ಅಂತ ಕೇಳಬೇಡಿ, ಹುಟ್ಟುಹಬ್ಬಕ್ಕೆ ತೆಗೆಸಿದ ಫೋಟೋನೇ ಎಲ್ಲದಕ್ಕೂ ನಡೆಯುತ್ತೆ. ಅಂಕಲ್ ಎಲ್ಲಿ ಅಂತ ಹುಡುಕಿದೆ. ಕೆಳಗೆ ಎಡಮೂಲೆಯಲ್ಲಿ ಇದ್ದಾರೆ, ಯಾವುದೋ ಗುರುತಿನ ಚೀಟಿಯಿಂದ ತೆಗೆದ ಮಸುಕು ಮುಖ. ಹೆಸರಲ್ಲಿ ಒತ್ತಕ್ಷರ ತಪ್ಪು.

ಅದೂ ಹೋಗಲಿ ಅನ್ನಿ. ರೀಪರ್ ಚೌಕಟ್ಟಿನ ಸಮೇತ ಅದನ್ನು ಮರಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಅಂಕಲ್ ನೆಟ್ಟ ಮರಕ್ಕೆ. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿ ಬೆಳೆಸಿದ ಮರಕ್ಕೆ.

ಈ ಮನುಷ್ಯ ಭಾನುವಾರ ಬೆಳಿಗ್ಗೆ ಏನು ಮಾಡುತ್ತಿದ್ದರು ಅಂತ ನಮ್ಮ ಏರಿಯಾದವರಿಗೆ ಹೇಳಬೇಕಾಗಿಲ್ಲ. ಕಟಿಂಗ್ ಪ್ಲೇಯರ್ ಹಿಡಿದು ಮರಮರಕ್ಕೂ ಹೋಗಿ ಮೊಳೆ ಕೀಳುತ್ತಿದ್ದರು. ಟ್ಯೂಷನ್ ಬೋರ್ಡು, ಪಿಜಿ ಬೋರ್ಡು, ಮೂಲವ್ಯಾಧಿಗೆ ಔಷಧಿ ಬೋರ್ಡು. ಕಿತ್ತ ಮೊಳೆಯೆಲ್ಲ ಹಾರ್ಲಿಕ್ಸ್ ಬಾಟಲಿಗೆ. ‘ತೊಗಟೆ ಕೆಳಗೇ ಕಣಪ್ಪ ಮರದ ಊಟ ಓಡಾಡೋದು. ನಿನ್ನ ಗಂಟಲಿಗೆ ಯಾರಾದರೂ ಮೊಳೆ ಹೊಡೆದ್ರೆ ಸುಮ್ನಿರ್ತೀಯಾ?’ ಅಂತ ನನ್ನನ್ನೇ ಕೇಳುತ್ತಿದ್ದರು, ನಾನೇ ಹೊಡೆದವನ ಹಾಗೆ.

ಫ್ಲೆಕ್ಸ್ ವಿಷಯಕ್ಕಂತೂ ಅವರದು ಹಠ. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಡಿಸಿತಲ್ಲ, ಕ್ಯಾರಿಬ್ಯಾಗ್ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಎಲ್ಲ ಅದರಲ್ಲಿ ಸೇರಿತ್ತು. ಅದರ ಜೆರಾಕ್ಸ್ ಸದಾ ಅವರ ಜೇಬಲ್ಲಿ. ಮಡಚಿ ಮಡಚಿ ನಾಲ್ಕು ತುಂಡಾಗಿತ್ತು. ‘ಲ್ಯಾಮಿನೇಷನ್ ಮಾಡಿಸಿಕೊಡ್ತೀನಿ ಕೊಡಿ ಅಂಕಲ್’ ಅಂದೆ ಒಂದು ಸಲ. ‘ಅದೂ ಪ್ಲಾಸ್ಟಿಕ್ಕೇ ಅಲ್ವೇನಪ್ಪ’ ಅಂದರು.

ಈಗ ಅವರ ಮುಖವೇ ಪ್ಲಾಸ್ಟಿಕ್ ಮೇಲೆ.

ತುಮಕೂರಿನವರಿಗೆ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಜನ ಅಂದರೆ ಎಂಥವರು ಅಂತ ಗೊತ್ತು. ಗಂಟೆ ಅಂದರೆ ಗಂಟೆ. 2016ರಲ್ಲೇ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿತು. ಅಷ್ಟು ಹೊತ್ತಿಗೆ ಅಂಕಲ್ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಎಷ್ಟೋ ವರ್ಷ ಆಗಿತ್ತು. ಆವತ್ತು ಪೇಪರ್ ಓದಿ, ಮಡಚಿಟ್ಟು, ಕೈಯಲ್ಲಿದ್ದ ವಾಚಿಗೆ ಕೀ ಕೊಟ್ಟರು. ಆಮೇಲೆ ‘ಬಾ, ಮೂರನೇ ಕ್ರಾಸಿನ ಒಳಚರಂಡಿ ಚೇಂಬರ್ ಮುಚ್ಚಳ ಹಾಕಿದ್ರಾ ನೋಡೋಣ’ ಅಂದರು. ಅಷ್ಟೇ.

ಆ ವಾಚಿನ ಮಹಿಮೆ ಹೇಳಲೇಬೇಕು. ಗೊರೂರು ಡ್ಯಾಮಿಂದ ಹೇಮಾವತಿ ನಾಲೆಯಲ್ಲಿ ಹರಿದು, ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ನಮ್ಮ ನಲ್ಲಿಗೆ ನೀರು ಬರಬೇಕು. ಅಷ್ಟು ದೂರದಿಂದ ಬಂದ ನೀರು ನಮ್ಮ ಕೊನೆ ಕ್ರಾಸಿಗೆ ಮಾತ್ರ ಬರ್ತಿರಲಿಲ್ಲ. ‘ಪ್ರೆಷರ್ ಇಲ್ಲ ಸಾರ್’ ಅನ್ನೋದು ಒಂದೇ ಉತ್ತರ. ಅಂಕಲ್ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದರು. ಯಾವ ಕ್ರಾಸಿಗೆ ಯಾವ ದಿನ, ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ನಿಂತಿತು. ಮೂರು ತಿಂಗಳು ಬರೆದರು. ರಾತ್ರಿ ಎರಡು ಗಂಟೆಗೆ ನೀರು ಬಿಟ್ಟರೆ ಎರಡು ಗಂಟೆಗೇ ಎದ್ದು. ಮೇನ್ ರೋಡಿಗೆ ಒಂದೂವರೆ ಗಂಟೆ, ಕೊನೆ ಕ್ರಾಸಿಗೆ ಹದಿನೆಂಟು ನಿಮಿಷ. ಆ ಪುಸ್ತಕ ಅಧಿಕಾರಿಗಳ ಮೇಜಿನ ಮೇಲೆ ಇಟ್ಟ ಮೇಲೆ ಪ್ರೆಷರ್ ಎಲ್ಲಿಂದ ಬಂತೋ! ವಾಲ್ವ್ ತಿರುಗಿಸೋ ಸಮಯ ಬದಲಾಯಿತು. ಇವತ್ತು ಕೊನೆ ಕ್ರಾಸಿನ ಸಂಪು ತುಂಬುತ್ತಿದೆ ಅಂದರೆ ಅದಕ್ಕೆ ಆ ಹದಿನಾಲ್ಕು ನಗುಮುಖ ಕಾರಣ ಅಲ್ಲ, ಹದಿನೆಂಟು ನಿಮಿಷದ ಲೆಕ್ಕ ಕಾರಣ.

ಮಾಹಿತಿ ಹಕ್ಕಿನ ಅರ್ಜಿ ಬರೆಯೋದು ನಮ್ಮ ಬೀದಿಗೆ ಕಲಿಸಿದ್ದೂ ಅವರೇ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, ನಮ್ಮ ರಾಜ್ಯದ ನಿಯಮದ ಪ್ರಕಾರ 150 ಪದ ದಾಟಬಾರದು. ಪೆನ್ಸಿಲ್ ತುದಿಯಲ್ಲಿ ಪದ ಎಣಿಸುತ್ತಿದ್ದರು. ನಾನು ‘ದಯಮಾಡಿ’, ‘ವಿನಮ್ರವಾಗಿ’ ಅಂತ ಸೇರಿಸಿದರೆ ಹೊಡೆದು ಹಾಕೋರು. ‘ಕೇಳೋದು ಹಕ್ಕು. ಹಲ್ಲು ಗಿಂಜೋಕೆ ಪದ ಖರ್ಚು ಮಾಡಬೇಡ.’ ಈ ಪೋಸ್ಟ್ ಅವರ ಕೈಗೆ ಸಿಕ್ಕಿದ್ದರೆ ಮುಕ್ಕಾಲು ಭಾಗ ಹೋಗಿರೋದು.

2019ರ ಜನವರಿಯಲ್ಲಿ ಸಿದ್ಧಗಂಗಾ ಮಠದ ಬುದ್ಧಿಯವರು, ಶಿವಕುಮಾರ ಸ್ವಾಮೀಜಿ, ಲಿಂಗೈಕ್ಯರಾದಾಗ ಊರಿಗೆ ಊರೇ ಮಠದ ಹತ್ತಿರದ ಕ್ಯಾತ್ಸಂದ್ರದ ಕಡೆ ಹರಿಯಿತಲ್ಲ, ನಾವೆಲ್ಲ ದರ್ಶನಕ್ಕೆ ಸಾಲು ನಿಂತೆವು. ಅಂಕಲ್ ನಿಲ್ಲಲಿಲ್ಲ. ಗೋಣಿಚೀಲ ಹಿಡಿದು ರಸ್ತೆ ಬದಿಯ ನೀರಿನ ಲೋಟ ಆಯುತ್ತಿದ್ದರು. ದರ್ಶನ ಆಯ್ತಾ ಅಂದರೆ ‘ಆಗ್ತಾ ಇದೆ’ ಅಂದರು.

ಈಗಷ್ಟೇ ಒಬ್ಬ ಸ್ನೇಹಿತ ಫೋನ್ ಮಾಡಿದ್ದ. ‘ಸಾವಿನ ವಿಷಯ, ಗಲಾಟೆ ಮಾಡಬೇಡ. ಹುಡುಗರು ಏನೋ ಪ್ರೀತಿಯಿಂದ ಹಾಕಿದ್ದಾರೆ. ನೀನೇನು ಮಾಡಿದೆ?’ ಅಂತ. ಒಪ್ಪಿದೆ. ಆ ಹುಡುಗರಲ್ಲೇ ಒಬ್ಬ ಅಂಕಲ್‌ನ ಅಪರಾತ್ರಿ ತನ್ನ ಆಟೋದಲ್ಲಿ ಆಸ್ಪತ್ರೆಗೆ ಕರಕೊಂಡು ಹೋದವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರೀತಿಗೆ ಒಂದು ಬಟ್ಟೆ ಬ್ಯಾನರ್ ಸಾಕಿತ್ತು, ಸೆಣಬಿನ ದಾರ ಸಾಕಿತ್ತು. ಹದಿನಾಲ್ಕು ತಲೆ ಯಾಕೆ ಬೇಕಿತ್ತು? ಆ ಸಾಲಿನಲ್ಲಿ ಒಬ್ಬರು ‘ನಿಮಗೆ ಮನೇಲಿ ಕೆಲಸ ಇಲ್ವೇನ್ರೀ’ ಅಂತ ಅಂಕಲ್‌ಗೆ ಎಲ್ಲರ ಮುಂದೆ ಅಂದಿದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ಈಗ ‘ನಿಸ್ವಾರ್ಥ ಸಮಾಜ ಸೇವಕರು’ ಅಂತೆ. ಬದುಕಿದ್ದಾಗ ತಲೆನೋವು, ಸತ್ತ ಮೇಲೆ ಸೇವಕರು.

‘ನೀನೇನು ಮಾಡಿದೆ’ ಅಂದನಲ್ಲ, ಅದು ಮಾತ್ರ ಚುಚ್ಚಿತು. ಹೇಳಿಬಿಡುತ್ತೇನೆ. ಹೋದ ವರ್ಷ ಅಂಕಲ್ ಬೀದಿದೀಪದ ಅರ್ಜಿಗೆ ಸಹಿ ಕೇಳೋಕೆ ಬಂದಿದ್ದರು. ನಾನು ಕ್ರಿಕೆಟ್ ನೋಡುತ್ತಿದ್ದೆ. ಮಗಳಿಗೆ ‘ಅಪ್ಪ ಇಲ್ಲ ಅನ್ನು’ ಅಂದೆ. ಅವಳು ಅಂದಳು. ಬಾಗಿಲ ಹೊರಗಿಂದ ಅಂಕಲ್ ದನಿ ಕೇಳಿಸಿತು: ‘ಆಯ್ತು ಪುಟ್ಟ. ಅಪ್ಪ ಬರಿಗಾಲಲ್ಲಿ ಹೋಗಿದ್ದಾರೆ ಅನ್ಸುತ್ತೆ, ಚಪ್ಪಲಿ ಇಲ್ಲೇ ಇದೆ. ಬಿಸಿಲಿದೆ, ಹುಷಾರು ಅಂತ ಹೇಳು.’ ಆಮೇಲೆ ಎಷ್ಟೋ ಸಲ ಸಿಕ್ಕರು. ಒಂದು ದಿನಕ್ಕೂ ಅದನ್ನು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಆಂಟಿ ಹತ್ತಿರ ಹೋಗಿ ಪ್ಲೇಯರ್ ಕೇಳಿ ತಂದಿದ್ದೇನೆ. ಹಾರ್ಲಿಕ್ಸ್ ಬಾಟಲಿಯನ್ನೂ ಅವರೇ ಕೊಟ್ಟರು, ಏನೂ ಕೇಳಲಿಲ್ಲ. ಫ್ಲೆಕ್ಸ್ ಇಳಿಸೋಕೆ ಆ ಆಟೋ ಹುಡುಗನೇ ಬರ್ತೀನಿ ಅಂದಿದ್ದಾನೆ. ಮೊಳೆ ನಾನು ಕೀಳುತ್ತೇನೆ.

ಬೀದಿಯ ಮರಗಳಿಗೆ ಇನ್ನು ಬೋರ್ಡು, ಫ್ಲೆಕ್ಸ್ ಹೊಡೆಯದ ಹಾಗೆ ಮಾಡಿ ಅಂತ ಒಂದು ಅರ್ಜಿಯೂ ಬರೆದಿದ್ದೇನೆ. 112 ಪದ, ಎಣಿಸಿದ್ದೇನೆ. ‘ವಿನಮ್ರವಾಗಿ’ ಇಲ್ಲ. ಸಂಜೆ ಆರು ಗಂಟೆಗೆ ಒಂದನೇ ಕ್ರಾಸಿಂದ ಸಹಿಗೆ ಹೊರಡುತ್ತೇನೆ. ದಯವಿಟ್ಟು ಚಪ್ಪಲಿ ಒಳಗೆ ಬಚ್ಚಿಡಬೇಡಿ.