ಎಲೆ ಹಿಡಿದು ನಿಂತ ಅಡುಗೆ ಭಟ್ಟರು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ಯಾಂಟನ್ ಅಂತ ಒಂದು ಊರು. 2013ರ ನವೆಂಬರ್ ತಿಂಗಳು. ಅಗ್ಗದ ಬೆಲೆಗೆ ಹೆಸರಾದ ದೈತ್ಯ ಅಂಗಡಿ ಸರಪಳಿ ವಾಲ್‌ಮಾರ್ಟ್‌ನ ಅಲ್ಲಿನ ಅಂಗಡಿಯಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳದ ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಗಳನ್ನು ಇಟ್ಟಿದ್ದರು. ಜೊತೆಗೊಂದು ಸೂಚನೆ: ಕಷ್ಟದಲ್ಲಿರುವ ಸಿಬ್ಬಂದಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಮಾಡಲಿ, ದಯವಿಟ್ಟು ಆಹಾರ ಪದಾರ್ಥ ಹಾಕಿ. ಹಾಕಬೇಕಾದವರು ಯಾರು? ಅದೇ ಅಂಗಡಿಯ ಉಳಿದ ಸಿಬ್ಬಂದಿ! ಊರಿಗೆಲ್ಲ ಬಡಿಸಿದ ಅಡುಗೆ ಭಟ್ಟರು ಕೊನೆಗೆ ಖಾಲಿ ಎಲೆ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದ ಹಾಗೆ.

ಸುದ್ದಿ ಹೊರಬಿದ್ದಾಗ ಕಂಪನಿಗೆ ನಾಚಿಕೆಯೇನೂ ಆಗಲಿಲ್ಲ. ನಮ್ಮವರು ಒಬ್ಬರಿಗೊಬ್ಬರು ಎಷ್ಟು ಆಗ್ತಾರೆ ನೋಡಿ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟಿತು. ನಿಜವೇ. ಸುಮ್ನೆ ಸಂಬಳ ಜಾಸ್ತಿ ಮಾಡಿಬಿಟ್ಟಿದ್ದರೆ ಪಾಪ, ಇಂಥ ಪ್ರೀತಿ ತೋರಿಸುವ ಅವಕಾಶವೇ ತಪ್ಪಿಹೋಗುತ್ತಿತ್ತು ಅಲ್ವಾ?

ಡಬ್ಬ ತುಂಬದಿದ್ದರೆ ಸರ್ಕಾರ ಇದೆ. ಅಲ್ಲಿ ಫುಡ್ ಸ್ಟಾಂಪ್ ಅಂತಾರೆ, ಬಡವರು ಅಂಗಡಿಯಲ್ಲಿ ದಿನಸಿ ಕೊಳ್ಳಲು ಸರ್ಕಾರ ಕೊಡುವ ನೆರವು, ನಮ್ಮ ರೇಷನ್ ಕಾರ್ಡಿನ ದಾಯಾದಿ. ಕೆಲಸವಿದ್ದೂ ಅದನ್ನು ಪಡೆಯುವವರು ಯಾವ ಕಂಪನಿಯವರು ಅಂತ 2020ರಲ್ಲಿ ಸರ್ಕಾರಿ ಲೆಕ್ಕಪರಿಶೋಧಕರು ಕೆಲವು ರಾಜ್ಯಗಳಲ್ಲಿ ನೋಡಿದರು. ಪಟ್ಟಿಯ ಮೇಲ್ತುದಿಯಲ್ಲೇ ವಾಲ್‌ಮಾರ್ಟ್. ಸರಿ, ಆ ಸ್ಟಾಂಪ್ ಖರ್ಚಾಗುವುದೆಲ್ಲಿ? ಅದರಲ್ಲೂ ಒಂದು ದೊಡ್ಡ ಪಾಲು ವಾಲ್‌ಮಾರ್ಟ್ ಕೌಂಟರಿನಲ್ಲೇ. ಸಂಬಳದಲ್ಲಿ ಉಳಿಸಿದ್ದು ಅವರ ಜೇಬಿಗೆ, ಸರ್ಕಾರ ತುಂಬಿಕೊಟ್ಟಿದ್ದೂ ಅವರ ಗಲ್ಲಾಪೆಟ್ಟಿಗೆಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ತೇರು ಎಳೆಯುವವರು ತೆರಿಗೆ ಕಟ್ಟುವವರು.

ಇನ್ನು ನಾರ್ತ್ ಕ್ಯಾರೊಲಿನಾದ ಓರಿಯೆಂಟಲ್. ಸಾವಿರ ಜನವೂ ಇಲ್ಲದ ಊರು. 2014ರಲ್ಲಿ ವಾಲ್‌ಮಾರ್ಟ್ ಬಂತು. 2015ರಲ್ಲಿ ಊರಿನ ಹಳೇ ದಿನಸಿ ಅಂಗಡಿ ಬಾಗಿಲು ಹಾಕಿತು. 2016ರಲ್ಲಿ ವಾಲ್‌ಮಾರ್ಟೂ ಗಂಟುಮೂಟೆ ಕಟ್ಟಿತು. ಆಮೇಲೆ ತರಕಾರಿ ಬೇಕೆಂದರೂ ಕಾರು ಹತ್ತಿ ಪರವೂರಿಗೆ ಹೋಗಬೇಕಾಯಿತು. ಅಗ್ಗದ ಬೆಲೆಚೀಟಿಯಲ್ಲಿ ಪೆಟ್ರೋಲಿನ ಲೆಕ್ಕ ಇರುವುದಿಲ್ಲ ನೋಡಿ.

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? 2018ರಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಬಹುಪಾಲು ಕೊಂಡವರೂ ಇವರೇ. ನಾನೇನು ಸಾಚಾ ಅಲ್ಲ. ಮೊನ್ನೆ ಒಂದು ದೊಡ್ಡ ಅಂಗಡಿಯಿಂದ ಎರಡಕ್ಕೆ ಒಂದು ಫ್ರೀ ಅಂತ ಮೂರು ಬಾಟಲಿ ಶಾಂಪೂ ಹೊತ್ತು ತಂದೆ. ತಲೆಯಲ್ಲಿ ಕೂದಲಿರುವುದು ಕಿವಿಯ ಆಸುಪಾಸಿನಲ್ಲಿ ಮಾತ್ರ. ದಾರಿಯಲ್ಲಿ ಫೋನು: ಒಗ್ಗರಣೆಗೆ ಸಾಸಿವೆ ಇಲ್ಲ. ಮೂಲೆ ಶೆಟ್ಟರ ಅಂಗಡಿಗೆ ಹೋದೆ. ಜೇಬಲ್ಲಿ ಚಿಲ್ಲರೆ ಇರಲಿಲ್ಲ. ಶೆಟ್ಟರು ನನ್ನ ಕೈಚೀಲ ನೋಡಿದರು, ತಲೆಯನ್ನೂ ನೋಡಿದರು. ಆಮೇಲೆ ಸಾಲದ ಪುಸ್ತಕ ತೆಗೆದು, "ಬರ್ಕೊಳ್ಲಾ ಸಾರ್?" ಅಂದರು.