ಹೃದಯಕ್ಕೆ 0.1, ಮಿಕ್ಕಿದ್ದಕ್ಕೆ 1.9

ಎರಡು ವರ್ಷಕ್ಕೊಮ್ಮೆ ಮನುಷ್ಯನ ಮಂಡಿಯ ರಚನೆ ಬದಲಾಗುತ್ತದೆ. ನಮ್ಮ ನಿಮ್ಮಂಥವರಿಗೆ ಗೊತ್ತಾಗುವುದಿಲ್ಲ, ಟ್ರೈನರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಅಮೆರಿಕದ ಫಿಟ್‌ನೆಸ್ ಸಂಸ್ಥೆಗಳಿಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಸ್ಕ್ವಾಟ್ ಹೇಳಿಕೊಡುವ ಪರೀಕ್ಷೆ ಪಾಸು ಮಾಡಿದ ಟ್ರೈನರ್‌ಗೆ ಎರಡೇ ವರ್ಷದಲ್ಲಿ ‘ನಿಮ್ಮ ಸರ್ಟಿಫಿಕೇಟಿನ ವಾಯಿದೆ ಮುಗಿಯುತ್ತಿದೆ, ಇಪ್ಪತ್ತು ಗಂಟೆ ಓದಿ, ಶುಲ್ಕ ಕಟ್ಟಿ’ ಎಂಬ ಮೇಲ್ ಯಾಕೆ ಬರಬೇಕು? ಎಸಿಎಸ್‌ಎಂ ಎಂಬ ಇನ್ನೊಂದು ಸಂಸ್ಥೆಯ ಲೆಕ್ಕದಲ್ಲಿ ಮಂಡಿ ತುಸು ಗಟ್ಟಿ, ಮೂರು ವರ್ಷ ಬಾಳಿಕೆ ಬರುತ್ತದೆ. ಆದರೆ ಅಲ್ಲಿ 45 ಗಂಟೆ ಓದಬೇಕು.

ಬರೀ ಗಂಟೆ ಎಂದರೆ ಗೌರವ ಎಲ್ಲಿದೆ? ಅದಕ್ಕೇ ಯೂನಿಟ್ಟು, ಕ್ರೆಡಿಟ್ಟು. ಎರಡು ವರ್ಷದ ವಾಯಿದೆ ಹಾಕುವ ಸಂಸ್ಥೆಯ ಹೆಸರು ಎನ್‌ಎಎಸ್‌ಎಂ, ಅಲ್ಲಿ ಹತ್ತು ಗಂಟೆ ಓದಿದರೆ ಒಂದು ಯೂನಿಟ್. ಎಸಿಎಸ್‌ಎಂನಲ್ಲಿ ಒಂದು ಗಂಟೆಗೇ ಒಂದು ಕ್ರೆಡಿಟ್. ಅದೇ ಕುರ್ಚಿ, ಅದೇ ತೂಕಡಿಕೆ. ಒಂದು ಕಡೆ ರೂಪಾಯಿ, ಇನ್ನೊಂದು ಕಡೆ ಹತ್ತು ಪೈಸೆ.

ನನಗೆ ಬಲು ಇಷ್ಟವಾದದ್ದು ಎನ್‌ಎಎಸ್‌ಎಂನ ಹಂಚಿಕೆ. ನವೀಕರಣಕ್ಕೆ ಒಟ್ಟು 2.0 ಯೂನಿಟ್ ಬೇಕು. ಅದರಲ್ಲಿ ಸಿಪಿಆರ್ ಮತ್ತು ಎಇಡಿ (ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತರಬೇತಿಗೆ ಸಿಗುವುದು 0.1. ಟ್ರೆಡ್‌ಮಿಲ್ ಮೇಲೆ ಯಾರಾದರೂ ಹೃದಯ ನಿಂತು ಕುಸಿದರೆ ಎದೆಯ ನಡುವೆ ಅಂಗೈ ಊರಿ, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತುವುದು ಸಿಪಿಆರ್. ರಬ್ಬರ್ ಬೊಂಬೆಯ ಮೇಲೆ ಎರಡು ನಿಮಿಷ ಒತ್ತಿ ನೋಡಿ, ಭುಜ ಕಿತ್ತುಬರುತ್ತದೆ. ಇಡೀ ಪಠ್ಯದಲ್ಲಿ ಜೀವ ಉಳಿಸುವ ವಿದ್ಯೆ ಇದೊಂದೇ ಇರಬೇಕು, ಅದಕ್ಕೆ ದಶಾಂಶದ ಆಚೆ ಒಂದು. ಮಿಕ್ಕ 1.9?

ಅದಕ್ಕೆ ಚಿಂತೆ ಬೇಡ. ದೇಹದ ಓರೆಕೋರೆ ತಿದ್ದುವ ಕೋರ್ಸೊಂದನ್ನು ಅದೇ ಸಂಸ್ಥೆ ಮಾರುತ್ತದೆ. ಅದನ್ನು ಮುಗಿಸಿದರೆ ಸಿಗುವ ಯೂನಿಟ್ ಎಷ್ಟು ಹೇಳಿ? ಸರಿಯಾಗಿ 1.9. ವಿಜ್ಞಾನ ಹೀಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಬರುವುದು ಅಪರೂಪ. ಪುಸ್ತಕ ಅವರದೇ, ಪರೀಕ್ಷೆ ಅವರದೇ, ತಕ್ಕಡಿಯೂ ಅವರದೇ. ನವೀಕರಣ ಶುಲ್ಕವನ್ನು ಒಂದೇ ಸಲ ಕಟ್ಟಿ ಜೀವಮಾನಕ್ಕೆ ಮುಗಿಸಿಕೊಳ್ಳುವ ಸೌಲಭ್ಯವೂ ಉಂಟು. ಶುಲ್ಕ ಮುಗಿಯುತ್ತದೆ, ಓದು ಮುಗಿಯುವುದಿಲ್ಲ.

ಓದು ಅಂದರೂ ಹೆದರಬೇಕಾಗಿಲ್ಲ. ಇಂಥ ಎಷ್ಟೋ ಆನ್‌ಲೈನ್ ಕೋರ್ಸುಗಳಲ್ಲಿ ಒಂದು ಲೇಖನ, ಅದರ ಕೆಳಗೆ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ‘ವ್ಯಾಯಾಮಕ್ಕೆ ಮುನ್ನ ಏನು ಮಾಡಬೇಕು? ಅ) ವಾರ್ಮ್-ಅಪ್. ಆ) ನಿದ್ದೆ.’ ಇಷ್ಟು ಕಷ್ಟದ್ದು ನಾನು ಕಟ್ಟಿದ ಪ್ರಶ್ನೆ, ನಿಜವಾದದ್ದು ಇದಕ್ಕಿಂತ ಸುಲಭ ಇದ್ದರೂ ಆಶ್ಚರ್ಯವಿಲ್ಲ. ತಪ್ಪಿದರೆ ಮತ್ತೆ ಒತ್ತಬಹುದು. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಜಿಮ್ಮಿನಲ್ಲಿ ನಿಂತು ಜನರ ಬೆನ್ನು ನೇರ ಮಾಡಿದ ಗಂಟೆಗಳು ಮಾತ್ರ ಈ ಇಪ್ಪತ್ತರಲ್ಲಿ ಸೇರುವುದಿಲ್ಲ. ಅದು ಕೆಲಸ, ಶಿಕ್ಷಣವಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಇರುವ ದೇಶದಲ್ಲಿ ಕೂದಲು ಕತ್ತರಿಸಲು ಸರ್ಕಾರದ ಲೈಸೆನ್ಸ್ ಬೇಕು, ಜನರ ಕೈಯಲ್ಲಿ ನೂರು ಕಿಲೋ ಎತ್ತಿಸಲು ಸಾಮಾನ್ಯವಾಗಿ ಬೇಡ. ತಲೆ ಮುಖ್ಯ, ನಿಜ.

ಬೆಂಗಳೂರಿನ ಜಿಮ್ಮುಗಳ ಗೋಡೆಗೂ ಈ ಕಾಗದಗಳು ಬಂದು ಬಹಳ ಕಾಲವಾಯಿತು. ಹೊಸದಾಗಿ ಸೇರುವವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಟ್ರೈನರ್‌ನ ತೋಳು ನೋಡಿ ದುಡ್ಡು ಕಟ್ಟುತ್ತಾರೆ. ಒಬ್ಬರು ಮಾತ್ರ ಕನ್ನಡಕ ಏರಿಸಿ ತಾರೀಖು ಓದಿ, “ಮಾಸ್ಟ್ರೇ, ಇದು ಮುಗಿದು ಹೋಗಿದೆಯಲ್ಲ?” ಅಂದರು. “ಸರ್, ಮುಗಿದಿರೋದು ಕಾಗದ, ನಾನಲ್ಲ. ಪ್ಲ್ಯಾಂಕ್ ಹಾಕಿ” ಎಂದ ಹುಡುಗ. ಹಾಕಿದರು. ಗರಡಿಮನೆಯ ಉಸ್ತಾದರ ಕೈಗೆ ಈ ನಿಯಮ ಸಿಕ್ಕಿದ್ದರೆ ಅದನ್ನೂ ಮಟ್ಟಿಯ ಮಣ್ಣಿನ ಜೊತೆ ಕಲಸಿಬಿಡುತ್ತಿದ್ದರೇನೋ.

ಕಲಿಯುತ್ತಲೇ ಇರಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಹಳೇ ಕಾಲದ ಟ್ರೈನರ್ ಹೇಳಿದಂತೆ ಬಗ್ಗಿ ಸೊಂಟ ಹಿಡಿಸಿಕೊಂಡವರು ಬೇಕಾದಷ್ಟಿದ್ದಾರೆ. ತಕರಾರಿರುವುದು 1.9 ಮತ್ತು 0.1ರ ಬಗ್ಗೆ. ಈಗಿನ ತೂಕದ ಪ್ರಕಾರ, ಜಿಮ್ಮಿನಲ್ಲಿ ಎದೆ ಹಿಡಿದುಕೊಂಡು ಬೀಳಬೇಕೆಂದಿರುವವರು ತಮ್ಮ ಟ್ರೈನರ್ ಆ 0.1 ಅನ್ನು ಬೊಂಬೆಯ ಮೇಲೆ ಒತ್ತಿ ಗಳಿಸಿದ್ದೋ, ಮೌಸ್ ಮೇಲೆ ಒತ್ತಿ ಗಳಿಸಿದ್ದೋ ಎಂದು ಮೊದಲೇ ಕೇಳಿಕೊಂಡು ಬೀಳುವುದು ಕ್ಷೇಮ.