200 ಬಂತು, ಡಿಪಾರ್ಟ್‌ಮೆಂಟ್ ಬರಲಿಲ್ಲ

ಸಂಸ್ಥೆಯ ಬಳಕೆದಾರರ ಮಾಹಿತಿಯನ್ನು ಕೋಡ್ ಮೂಲಕ ಪಡೆಯಲು ಇರುವ ಮೈಕ್ರೋಸಾಫ್ಟ್ ಗ್ರಾಫ್ ಎಪಿಐಗೆ ಒಬ್ಬ ಬಳಕೆದಾರರ ಪ್ರೊಫೈಲ್ ಕೇಳಿ ನೋಡಿ. ಹೆಸರು, ಹುದ್ದೆ, ಇಮೇಲ್, ಮೊಬೈಲ್, ಐಡಿ, ಹೀಗೆ ಬೆರಳೆಣಿಕೆಯ ಫೀಲ್ಡ್‌ಗಳು ಬರುತ್ತವೆ. ಡಿಪಾರ್ಟ್‌ಮೆಂಟ್ ಇಲ್ಲ, ಎಂಪ್ಲಾಯಿ ಐಡಿ ಇಲ್ಲ, ಖಾತೆ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬ ಮಾಹಿತಿಯೂ ಇಲ್ಲ! ಬಳಕೆದಾರರ ದಾಖಲೆ ಇರುವ ಡೈರೆಕ್ಟರಿಯಲ್ಲಿ ಎಲ್ಲವೂ ಭರ್ತಿಯಾಗಿಯೇ ಇರಬಹುದು. ಆದರೆ ಯಾವ ಫೀಲ್ಡ್ ಬೇಕೆಂದು ತಿಳಿಸುವ ಸೆಲೆಕ್ಟ್ ($select) ಪ್ಯಾರಾಮೀಟರ್‌ನಲ್ಲಿ ಫೀಲ್ಡ್‌ನ ಹೆಸರು ಹಿಡಿದು ಕೇಳದಿದ್ದರೆ ಕೊಡುವುದಿಲ್ಲ. ಎರರ್ ಬಂದಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಬರುವುದು 200, ಅಂದರೆ 'ಎಲ್ಲ ಸರಿ' ಎಂಬ ಸಂಕೇತ. ನಮ್ಮ ಕೋಡ್ ಪಾಪ, ಡಿಪಾರ್ಟ್‌ಮೆಂಟ್ ಖಾಲಿ ಅಂದುಕೊಂಡು ಮುಂದಕ್ಕೆ ಹೋಗುತ್ತದೆ. ತಪ್ಪು ಹೊರಬೀಳುವುದು ರಿಪೋರ್ಟ್ ಹೋದ ಮೇಲೆ.

ಸರಿ, ಸೆಲೆಕ್ಟ್‌ನಲ್ಲಿ ಡಿಪಾರ್ಟ್‌ಮೆಂಟ್ ಒಂದನ್ನೇ ಹಾಕಿದಿರೋ, ಇಷ್ಟು ಹೊತ್ತು ಬರುತ್ತಿದ್ದ ಹೆಸರು, ಇಮೇಲ್ ಮಾಯ. ಬೇಕಾದ್ದೆಲ್ಲವನ್ನೂ ಅಲ್ಪವಿರಾಮ ಹಾಕಿ ಒಟ್ಟಿಗೇ ಬರೆಯಬೇಕು. ಮ್ಯಾನೇಜರ್ ಯಾರೆಂದು ತಿಳಿಯಲು ಸೆಲೆಕ್ಟ್ ಸಾಲದು, ಸಂಬಂಧಿತ ದಾಖಲೆಯನ್ನೂ ಜೊತೆಗೆ ತರಿಸುವ ಎಕ್ಸ್‌ಪ್ಯಾಂಡ್ ($expand) ಬೇಕು. ಫೋಟೋಗೆ ಬೇರೆಯದೇ ವಿಳಾಸ. ಫೋಟೋ ಹಾಕದವರಿಗೆ 404, ಅಂದರೆ 'ಸಿಗಲಿಲ್ಲ' ಎಂಬ ಎರರ್ ಬರುತ್ತದೆ. ಅದನ್ನು 'ಬಳಕೆದಾರರೇ ಇಲ್ಲ' ಎಂದು ಓದುವ ಕೋಡ್ ಇನ್ನೊಂದು ತಲೆನೋವು.

ಇಡೀ ಪಟ್ಟಿ ಕೇಳಿದರೆ ಒಂದು ಪುಟಕ್ಕೆ 100 ಜನ. ಟಾಪ್ ($top) ಪ್ಯಾರಾಮೀಟರ್ ಕೊಟ್ಟು 999ರವರೆಗೆ ಏರಿಸಬಹುದು, ಅಲ್ಲಿಗೆ ಮುಗಿಯಿತು. ಉಳಿದವರು ಬೇಕೆಂದರೆ ಉತ್ತರದಲ್ಲಿರುವ ನೆಕ್ಸ್ಟ್‌ಲಿಂಕ್ (ಮುಂದಿನ ಪುಟದ ವಿಳಾಸ) ಹಿಡಿದು ಹೋಗಬೇಕು. ಅದರೊಳಗಿನ ಟೋಕನ್ ಮಾತ್ರ ಕಿತ್ತು ಬೇರೆ ಯುಆರ್‌ಎಲ್‌ಗೆ ಅಂಟಿಸಬೇಡಿ, ಇಡೀ ಲಿಂಕನ್ನು ಇದ್ದಂತೆಯೇ ಬಳಸಿ. ಪುಟದಲ್ಲಿ ಎಷ್ಟು ಜನ ಬಂದರು ಎಂದು ಎಣಿಸಿ ಲೂಪ್ ನಿಲ್ಲಿಸುವುದೂ ತಪ್ಪು. ನೆಕ್ಸ್ಟ್‌ಲಿಂಕ್ ಬರುವುದು ನಿಂತಾಗಲೇ ಪಟ್ಟಿ ಮುಗಿದಂತೆ.